ಪದ ಪರಿಚಯ: ಫೋರ್ ಬೈ ಫೋರ್

ಹಳೇ ಗಾಡಿ ಮಾರಾಟದ ಜಾಹೀರಾತು ಓದುವ ಚಟ ನನಗಿದೆ. ಮೊನ್ನೆ ಒಂದು ಕಣ್ಣಿಗೆ ಬಿತ್ತು. "ಪಕ್ಕಾ 4×4, ಸಿಂಗಲ್ ಓನರ್, ಫುಲ್ ಆಫ್‌ರೋಡ್ ಕಂಡೀಷನ್." ಫೋಟೋದಲ್ಲಿ ದಪ್ಪ ಟೈರು, ಮುಂದೆ ಕಬ್ಬಿಣದ ಬಂಪರ್, ಮೇಲೆ ಸಾಲು ಲೈಟು, ಹಿಂಬಾಗಿಲಿಗೆ ಅಂಗೈ ಅಗಲದ 4×4 ಸ್ಟಿಕ್ಕರ್. ಎಲ್ಲ ಇತ್ತು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ವ್ಯವಸ್ಥೆ ಮಾತ್ರ ಇರಲಿಲ್ಲ. ಆ ಮಾಡೆಲ್ ಹುಟ್ಟಿದ್ದೇ ಹಿಂದಿನ ಎರಡು ಚಕ್ರದ ಬಲದಲ್ಲಿ ಓಡುವ ಗಾಡಿಯಾಗಿ.

ಮಾರುವವರು ಬೇಕಂತಲೇ ಸುಳ್ಳು ಹೇಳಿದ್ದಾರೆ ಅಂತ ನನಗೇನೂ ಅನ್ನಿಸಲಿಲ್ಲ. ಎತ್ತರದ ಗಾಡಿ, ಒರಟು ಮುಖ, ಬೆನ್ನಿಗೆ ಸ್ಟೆಪ್ನಿ ಇದ್ದರೆ ಅದು ಫೋರ್ ಬೈ ಫೋರ್ ಅನ್ನುವುದು ಈಗ ಮಾಮೂಲಿ ಮಾತು. ನಮ್ಮ ಕಡೆ "ಫೋರ್ ಬೈ ಫೋರ್" ಅನ್ನುವುದು ಬಿರುದಾಗಿಬಿಟ್ಟಿದೆ. ಅಸಲಿಗೆ ಅದೊಂದು ಒಣ ಲೆಕ್ಕ.

ಲೆಕ್ಕ ಇಷ್ಟೇ. ಮೊದಲನೇ ಅಂಕಿ ಗಾಡಿಗೆ ಎಷ್ಟು ಚಕ್ರ ಅಂತ ಹೇಳುತ್ತದೆ. ಎರಡನೇ ಅಂಕಿ ಅವುಗಳಲ್ಲಿ ಎಷ್ಟನ್ನು ಎಂಜಿನ್ ತಿರುಗಿಸುತ್ತದೆ ಅಂತ ಹೇಳುತ್ತದೆ. ನಡುವಿನ "ಬೈ" ನಮ್ಮ ಒನ್ ಬೈ ಟು ಕಾಫಿಯ ಬೈ ಅಲ್ಲ. ಅಲ್ಲಿ ಒಂದನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಮಗ್ಗಿಯ ಇಂಟೂ ಕೂಡ ಅಲ್ಲ. ಗುಣಿಸಿ ಹದಿನಾರು ಮಾಡಬೇಕಾಗಿಲ್ಲ. "ಇಷ್ಟರಲ್ಲಿ ಇಷ್ಟು" ಅಂತ ಓದಿಕೊಂಡರೆ ಸರಿ. ನಾಲ್ಕರಲ್ಲಿ ನಾಲ್ಕು. ಅಂಬಾಸಿಡರ್ ನಾಲ್ಕರಲ್ಲಿ ಎರಡು, ಹಿಂದಿನವು. ಮಾರುತಿ 800 ಕೂಡ ನಾಲ್ಕರಲ್ಲಿ ಎರಡು, ಆದರೆ ಮುಂದಿನವು. ಎರಡೂ 4×2. ಆ ಜಾಹೀರಾತಿನ ಗಾಡಿಯೂ 4×2. ಲೆಕ್ಕದ ಮಟ್ಟಿಗೆ ಅದು ಅಂಬಾಸಿಡರಿನ ತಮ್ಮ.

ಈ ಬರಹದ ಪದ್ಧತಿ ಚೆನ್ನಾಗಿ ಅರ್ಥ ಆಗಬೇಕಾದರೆ ಕಾರು ಬಿಟ್ಟು ಲಾರಿ ನೋಡಬೇಕು. ಜಲ್ಲಿ ಹೊರುವ ಹತ್ತು ಚಕ್ರದ ಟಿಪ್ಪರ್ ನೋಡಿರುತ್ತೀರಿ. ಕಾಗದದಲ್ಲಿ ಅದು ಸಾಮಾನ್ಯವಾಗಿ 6×4. ಹತ್ತು ಚಕ್ರ ಇರುವಾಗ ಆರು ಯಾಕೆ? ಹಿಂದೆ ಜೋಡಿ ಟೈರು ಇರುತ್ತದಲ್ಲ, ಆ ಜೋಡಿಯನ್ನು ಒಂದೇ ಚಕ್ರ ಅಂತ ಎಣಿಸುತ್ತಾರೆ. ಮುಂದೆ ಎರಡು, ಹಿಂದೆ ನಾಲ್ಕು ಜೋಡಿ, ಒಟ್ಟು ಆರು. ಹಿಂದಿನ ನಾಲ್ಕಕ್ಕೂ ಎಂಜಿನ್ ಬಲ ಇದೆ, ಹಾಗಾಗಿ 6×4. ಅದೇ ಹತ್ತು ಟೈರಿನ ಸರಕು ಲಾರಿ 6×2 ಕೂಡ ಆಗಿರಬಹುದು. ಆಗ ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದು ಸುಮ್ನೆ ಭಾರ ಹೊರುತ್ತದೆ, ತಳ್ಳುವುದಿಲ್ಲ. ಟೈರು ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಕ್ವಾರಿಯೊಳಗೆ ಮಣ್ಣಿನ ದಾರಿ ಹತ್ತುವ ಗಾಡಿ ಯಾವುದು, ಹೈವೇಯಲ್ಲೇ ಇರಬೇಕಾದ ಗಾಡಿ ಯಾವುದು ಅಂತ ಲಾರಿ ಮಾಲೀಕರಿಗೆ ಈ ಎರಡನೇ ಅಂಕಿಯಿಂದ ತಿಳಿಯುತ್ತದೆ. ಅವರು ಯಾರೂ 6×4 ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಮೆರೆಯುವುದಿಲ್ಲ.

ಜನರ ಬಾಯಿಗೆ ಈ ಪದ ಬಂದದ್ದು ಬಹುಮಟ್ಟಿಗೆ ಸೈನ್ಯದಿಂದ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಪುಟ್ಟ ಗಾಡಿಗೆ ಟೆಂಡರ್ ಕರೆಯಿತು. ಮಾದರಿ ಗಾಡಿ ತಂದು ನಿಲ್ಲಿಸಲು ಕೊಟ್ಟ ಗಡುವು 49 ದಿನ. ಗಡುವಿನೊಳಗೆ ತಂದದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆಮೇಲೆ ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಬ್ಯಾಂಟಮ್‌ಗೆ ಅನ್ಯಾಯ ಆಯಿತು ಅನ್ನುವವರ ಜೊತೆ ನಾನೂ ಇದ್ದೇನೆ. ಇರಲಿ. ಯುದ್ಧ ಮುಗಿಯುವಷ್ಟರಲ್ಲಿ ಅಂಥವು 6 ಲಕ್ಷಕ್ಕೂ ಹೆಚ್ಚು ತಯಾರಾದವು. ನಾವು ಜೀಪು ಅನ್ನುವ ಆ ಗಾಡಿಗೆ ಸೈನ್ಯದ ದಫ್ತರದಲ್ಲಿದ್ದ ಹೆಸರು "ಟ್ರಕ್, ಕಾಲು ಟನ್, 4×4". ಅಂದರೆ ಎಷ್ಟು ಭಾರ ಹೊರುತ್ತದೆ, ಎಷ್ಟು ಚಕ್ರ ದುಡಿಯುತ್ತವೆ. ಅಷ್ಟೇ. ಗಟ್ಟಿತನ, ಧೈರ್ಯ, ಸ್ವಾತಂತ್ರ್ಯ ಯಾವುದೂ ಆ ಹೆಸರಲ್ಲಿಲ್ಲ. ಅವೆಲ್ಲ ಆಮೇಲೆ ಜಾಹೀರಾತಿನವರು ಸೇರಿಸಿದ್ದು.

ನಾಲ್ಕೂ ಚಕ್ರ ತಿರುಗಿಸುವ ಯೋಚನೆ ಜೀಪಿಗಿಂತ ಹಳೆಯದು. ಡಚ್ಚರ ಸ್ಪೈಕರ್ ಕಂಪನಿ 1903ರಲ್ಲೇ ಅಂಥ ರೇಸ್ ಕಾರು ಮಾಡಿತ್ತು. ತೊಡಕು ಇದ್ದದ್ದು ಮುಂದಿನ ಚಕ್ರದಲ್ಲಿ. ಅದು ಸ್ಟೀರಿಂಗ್ ಹೇಳಿದ ಕಡೆ ಹೊರಳಬೇಕು, ಜೊತೆಗೆ ಎಂಜಿನ್ನಿನ ಬಲಕ್ಕೆ ತಿರುಗಲೂ ಬೇಕು. ಹೊರಳಿದಾಗಲೂ ಬಲ ದಾಟಿಸುವ ಜಾಯಿಂಟ್ ಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆಟೊ ಝಾಕೋ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಇಬ್ಬರು ಅಂಥದ್ದೊಂದು ಜಾಯಿಂಟಿಗೆ 1908ರಲ್ಲಿ ಪೇಟೆಂಟ್ ಪಡೆದರು. ಅವರಿಂದ ಹುಟ್ಟಿದ ಲಾರಿ ಕಂಪನಿಯ ಹೆಸರು ಎಫ್‌ಡಬ್ಲ್ಯುಡಿ, ಫೋರ್ ವೀಲ್ ಡ್ರೈವ್.

ಆ ಮೂರು ಅಕ್ಷರ ಈಗ ಬೇರೆಯದೇ ಗೊಂದಲ ಮಾಡಿದೆ. ಇವತ್ತು ಕಾರಿನ ಬ್ರೋಷರಿನಲ್ಲಿ ಎಫ್‌ಡಬ್ಲ್ಯುಡಿ ಅಂತ ಕಂಡರೆ ಎಫ್ ಅಂದರೆ ಫ್ರಂಟ್. ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಕಾರು. "ಎಫ್‌ಡಬ್ಲ್ಯುಡಿ ಇದೆ ಸರ್, ಘಾಟಿಯಲ್ಲಿ ಯೋಚನೆನೇ ಬೇಡ" ಅಂತ ಶೋರೂಮಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಯೋಚನೆ ಮಾಡಿ.

ಒರಟು ಗಾಡಿಯೇ 4×4 ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹತ್ತಿರ ಇದ್ದ ಕ್ಯೂಬಲ್‌ವಾಗನ್ ಮೂಲ ಮಾದರಿಯಲ್ಲಿ 4×2. ಹಗುರ ಮೈ, ಹಿಂದಿನ ಚಕ್ರಗಳ ಮೇಲೇ ಎಂಜಿನ್ನಿನ ಭಾರ, ಒಳಗೆ ಚಕ್ರ ಸುಮ್ಮನೆ ಸುತ್ತದಂತೆ ಹಿಡಿಯುವ ಡಿಫರೆನ್ಶಿಯಲ್ (ಎರಡು ಕಡೆಗೂ ಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರದ ಜೋಡಣೆ). ಅಷ್ಟರಲ್ಲೇ ಅದು ಆಫ್ರಿಕಾದ ಮರಳಲ್ಲಿ ಓಡಾಡಿತು. ಇನ್ನೊಂದು ಇಟಲಿಯ ಫಿಯಟ್ ಪ್ಯಾಂಡಾ. 1983ರಲ್ಲಿ ಅದರ 4×4 ಬಂತು. ನೋಡಲು ಬೆಂಕಿಪೊಟ್ಟಣ, ಆದರೆ ನಿಜವಾದ ನಾಲ್ಕರಲ್ಲಿ ನಾಲ್ಕು. ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ ಅದಕ್ಕೆ ಇವತ್ತಿಗೂ ಗೌರವ. ನಮ್ಮಲ್ಲೂ ಅಷ್ಟೇ. ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ ಮುಂದೆ ನಿಲ್ಲುತ್ತಿದ್ದ ಮಹೀಂದ್ರಾ ಜೀಪುಗಳಲ್ಲಿ 4×2 ಬೇಕಾದಷ್ಟಿದ್ದವು. 2023ರ ಜನವರಿಯಲ್ಲಿ ಬಂದ ಥಾರ್‌ನ ಅಗ್ಗದ ಮಾದರಿಯೂ 4×2, ಹಿಂಚಕ್ರದ್ದು. ಕಂಪನಿ ಅದನ್ನು ಮುಚ್ಚಿಟ್ಟಿಲ್ಲ, ರಿಯರ್ ವೀಲ್ ಡ್ರೈವ್ ಅಂತಲೇ ಮಾರುತ್ತದೆ. ಮನೆಗೆ ತಂದಮೇಲೆ ಸ್ಟಿಕ್ಕರ್ ಅಂಟಿಸುವವರು ನಾವು.

ಸರ್ಕಾರವೂ ಸಹಾಯ ಮಾಡಿಲ್ಲ. 2017ರಲ್ಲಿ ಜಿಎಸ್‌ಟಿ ಸೆಸ್ ಹಾಕುವಾಗ ಎಸ್‌ಯುವಿ ಅಂದರೆ ಏನು ಅಂತ ಬರೆದದ್ದು ಹೀಗೆ: ಉದ್ದ 4000 ಮಿಲಿಮೀಟರ್ ದಾಟಿರಬೇಕು, ಎಂಜಿನ್ 1500 ಸಿಸಿ ದಾಟಿರಬೇಕು, ನೆಲದಿಂದ ಎತ್ತರ 170 ಮಿಲಿಮೀಟರ್ ಅಥವಾ ಜಾಸ್ತಿ ಇರಬೇಕು. ಎಷ್ಟು ಚಕ್ರ ಎಳೆಯುತ್ತವೆ ಅನ್ನುವ ಮಾತೇ ಇಲ್ಲ. ಎಸ್‌ಯುವಿ ಅನ್ನುವುದು ತೆರಿಗೆಯ ಪದ, ಅಂಗಡಿಯ ಪದ. ಅದನ್ನು 4×4 ಜೊತೆ ಅದಲುಬದಲು ಬಳಸಬೇಡಿ.

ಇನ್ನು ನಿಜವಾದ 4×4 ಇಟ್ಟುಕೊಂಡವರ ವಿಷಯ. ಅವರಲ್ಲೂ ಅರ್ಧ ಜನಕ್ಕೆ ತಮ್ಮದು ಯಾವ ಬಗೆ ಅಂತ ಗೊತ್ತಿರುವುದಿಲ್ಲ.

ಹಳೇ ಜೀಪು, ಜಿಪ್ಸಿ, 4×4 ಥಾರ್, ಗೂರ್ಖಾ, ಜಿಮ್ನಿ ಇವೆಲ್ಲ ಪಾರ್ಟ್ ಟೈಮ್. ಮಾಮೂಲಿ ದಿನ 4×2 ಆಗಿಯೇ ಓಡುತ್ತವೆ, ಲಿವರ್ ಅಥವಾ ಗುಂಡಿಯಿಂದ ಕೇಳಿದಾಗ ಮಾತ್ರ 4×4. ಮಲೆನಾಡಿನ ಡ್ರೈವರ್‌ಗಳು "ಫೋರ್ ವೀಲ್ ಹಾಕಬೇಕು" ಅನ್ನುತ್ತಾರಲ್ಲ, ಆ ಕ್ರಿಯಾಪದ ಸರಿಯಾಗಿದೆ. ಅದು ಇರುವಂಥದ್ದಲ್ಲ, ಹಾಕುವಂಥದ್ದು. ಹಾಕಿದಾಗ ಗೇರ್‌ಬಾಕ್ಸ್ ಹಿಂದಿನ ಟ್ರಾನ್ಸ್‌ಫರ್ ಕೇಸ್ ಚಕ್ರಗಳ ಕಡೆಗೆ ಬಲ ಒಯ್ಯುವ ದಂಡಗಳನ್ನು, ಅಂದರೆ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ, ಬಿಗಿಯಾಗಿ ಜೋಡಿಸುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು.

ಕೆಸರಲ್ಲಿ ಇದು ವರ. ಒಣ ಟಾರ್ ರಸ್ತೆಯಲ್ಲಿ ಕಾಟ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಶಾಫ್ಟುಗಳು ಬೇರೆ ಬೇರೆ ವೇಗ ಕೇಳುತ್ತವೆ, ಸಿಗುವುದಿಲ್ಲ. ಕೆಸರಿನಲ್ಲಾದರೆ ಟೈರು ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಟಾರಿನ ಮೇಲೆ ಟೈರು ಬಿಡುವುದಿಲ್ಲ. ಸ್ಟೀರಿಂಗ್ ಕಲ್ಲಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಲಿವರ್ ಎಳೆದರೂ ಈಚೆಗೆ ಬರುವುದಿಲ್ಲ. ಆಗ ಲಿವರ್ ಮೇಲೆ ಕಾಲಿಟ್ಟು ತುಳಿಯುವವರಿದ್ದಾರೆ. ದಯವಿಟ್ಟು ಬೇಡ. ಸ್ಟೀರಿಂಗ್ ನೇರ ಮಾಡಿ ನಾಲ್ಕಾರು ಅಡಿ ರಿವರ್ಸ್ ತೆಗೆದುಕೊಳ್ಳಿ. ಬಿಗಿ ಬಿಟ್ಟು ಲಿವರ್ ತಾನಾಗಿ ಬರುತ್ತದೆ.

ಆಲ್ ವೀಲ್ ಡ್ರೈವ್ ಅಂತ ಮಾರುವ ಕಾರುಗಳ ಕಥೆ ಬೇರೆ. ಅಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಇನ್ನೊಂದು ಡಿಫರೆನ್ಶಿಯಲ್ಲೋ ಕ್ಲಚ್ಚೋ ಇರುತ್ತದೆ. ಟಾರಿನಲ್ಲೂ ತೊಂದರೆಯಿಲ್ಲ. 1970ರ ರೇಂಜ್ ರೋವರ್, 1980ರ ಆಡಿ ಕ್ವಾಟ್ರೋ ಈ ದಾರಿಯವು, 2014ರಲ್ಲಿ ನಮ್ಮಲ್ಲಿ ಬಂದ ಡಸ್ಟರ್ ಆಲ್ ವೀಲ್ ಕೂಡ. ಎಣಿಕೆಯ ಪ್ರಕಾರ ಇವೂ 4×4 ಸೇರುತ್ತವೆ. "ಅದು ಅಸಲಿ 4×4 ಅಲ್ಲ ಬಿಡಿ" ಅಂತ ಮೂಗು ಮುರಿಯುವ ಹಳಬರು ಬಿರುದಿನ ಚಟವನ್ನೇ ಇನ್ನೊಂದು ತುದಿಯಿಂದ ಹಿಡಿದಿದ್ದಾರೆ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಲೋ ಇದೆಯಾ? ಟ್ರಾನ್ಸ್‌ಫರ್ ಕೇಸಿನಲ್ಲಿ ಇನ್ನೊಂದು ಜೊತೆ ಹಲ್ಲುಚಕ್ರ ಇದ್ದು, ವೇಗ ಇಳಿಸಿ ಎಳೆತ ಹೆಚ್ಚಿಸುವುದು ಲೋ. ಯುದ್ಧಕಾಲದ ಜೀಪಿನಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತಿತ್ತು. ಡಸ್ಟರ್‌ನಲ್ಲಿ ಅದಿಲ್ಲ, ಬದಲಿಗೆ ಮೊದಲನೇ ಗೇರನ್ನೇ ತೀರಾ ಗಿಡ್ಡ, ಅಂದರೆ ವೇಗ ಕಡಿಮೆ ಎಳೆತ ಜಾಸ್ತಿ, ಮಾಡಿದ್ದರು. ರೇಂಜ್ ರೋವರ್‌ನಲ್ಲಿ ನಡುವಿನ ಡಿಫರೆನ್ಶಿಯಲ್ಲೂ ಉಂಟು, ಲೋ ಕೂಡ ಉಂಟು. 4×4 ಎಂಬ ಅಂಕಿ ಇದನ್ನು ಯಾವುದನ್ನೂ ಹೇಳುವುದಿಲ್ಲ. ಅದರಿಂದ ಅದನ್ನು ನಿರೀಕ್ಷಿಸುವುದೂ ತಪ್ಪು.

ಹಳೇ ಜಿಪ್ಸಿ ಇಟ್ಟವರಿಗೆ ಮಾತ್ರ ಗೊತ್ತಿರುವ ಸುಖ ಒಂದಿದೆ: ಹಬ್. ಮುಂದಿನ ಚಕ್ರದ ನಟ್ಟನಡುವೆ ಹಿಡಿ ಇರುವ ಸಣ್ಣ ಬಿಲ್ಲೆ. ಒಂದು ಕಡೆ ತಿರುಗಿಸಿದರೆ ಫ್ರೀ, ಇನ್ನೊಂದು ಕಡೆ ಲಾಕ್. ಫ್ರೀ ಇದ್ದಾಗ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಒಳಗಿನ ಆಕ್ಸಲ್ ಸುಮ್ಮನಿರುತ್ತದೆ. ಪೆಟ್ರೋಲು ಸ್ವಲ್ಪ ಉಳಿಯುತ್ತದೆ. ಆದರೆ ಹಬ್ ಲಾಕ್ ಮಾಡದೆ ಒಳಗೆ ಕೂತು ಫೋರ್ ವೀಲ್ ಹಾಕಿದರೆ ಆಕ್ಸಲ್ ತಿರುಗುತ್ತದೆ, ಚಕ್ರಕ್ಕೆ ಬಲ ಬರುವುದಿಲ್ಲ. ಹೂತ ಮೇಲೆ ನೆನಪಾದರೆ ಮೊಣಕಾಲು ಕೆಸರಲ್ಲಿ ಇಳಿದು, ಮಣ್ಣು ತುಂಬಿದ ಬಿಲ್ಲೆಯನ್ನು ಬೆರಳಲ್ಲಿ ಕೆರೆದು ತಿರುಗಿಸಬೇಕು. ಎಡಗಡೆದು ಆಯಿತು, ಸುತ್ತಿ ಬಂದು ಬಲಗಡೆದು. ಆಷಾಢದ ಮಳೆಯಲ್ಲಾದರೆ ವಾಪಸ್ ಹತ್ತುವಾಗ ಕಾಲಿಗೆ ಎರಡು ಇಂಬಳವೂ ಜೊತೆಗೆ ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಭ್ರಮೆ 4×4 ಹೂತುಕೊಳ್ಳುವುದಿಲ್ಲ ಅನ್ನುವುದು. ಆಕ್ಸಲ್ ನಡುವಿನ ಮಾಮೂಲಿ ಡಿಫರೆನ್ಶಿಯಲ್ ಎರಡೂ ಪಕ್ಕಕ್ಕೆ ಸಮನಾದ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲೋ ಜಾರುಮಣ್ಣಲ್ಲೋ ಇದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಹಾಗಾಗಿ ಗಟ್ಟಿ ನೆಲದಲ್ಲಿರುವ ಜೊತೆಗಾರನಿಗೂ ಅಷ್ಟೇ ಸಿಗುತ್ತದೆ, ಅಂದರೆ ಏನೂ ಇಲ್ಲ. ಮುಂದೊಂದು, ಹಿಂದೊಂದು ಚಕ್ರ ಹೀಗೆ ಸುತ್ತತೊಡಗಿದರೆ ನಿಮ್ಮ ನಾಲ್ಕರಲ್ಲಿ ನಾಲ್ಕು ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದು ಡಿಫ್ ಲಾಕ್, ಅಂದರೆ ಎರಡೂ ಪಕ್ಕದ ಚಕ್ರ ಒಟ್ಟಿಗೇ ತಿರುಗುವಂತೆ ಡಿಫರೆನ್ಶಿಯಲ್ಲನ್ನು ಬಿಗಿಯುವುದು. ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಇದೆ. ಜಿಮ್ನಿ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಒತ್ತಿ, ಬಲವನ್ನು ಇನ್ನೊಂದು ಕಡೆ ಸಾಗಿಸುತ್ತದೆ.

ಇನ್ನೊಂದು ಮಾತು, ಘಾಟಿ ಇಳಿಯುವವರಿಗೆ. ನಾಲ್ಕೂ ಚಕ್ರ ಎಳೆಯುತ್ತವೆ ಅಂದಮಾತ್ರಕ್ಕೆ ಬ್ರೇಕು ಬೇಗ ಹಿಡಿಯುವುದಿಲ್ಲ. ಬ್ರೇಕಿನ ವಿಷಯದಲ್ಲಿ ಮಾರುತಿ 800 ಕೂಡ ನಾಲ್ಕರಲ್ಲಿ ನಾಲ್ಕೇ. ಮಳೆಯಲ್ಲಿ ಆಗುಂಬೆ ತಿರುವಿಗೆ ಜೋರಾಗಿ ನುಗ್ಗಿದರೆ ಹತ್ತುವಾಗ ಸಿಕ್ಕ ಹಿಡಿತ ಇಳಿಯುವಾಗ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಟಿಕ್ಕರ್ ಓದುವುದು ಬಿಟ್ಟು ಗಾಡಿಯ ಕೆಳಗೆ ಬಗ್ಗಿ ನೋಡಿ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಒಂದು ಶಾಫ್ಟ್ ಹೋಗಿರಬೇಕು. ಖರ್ಚು ಬಂತು ಅಂತ ಆ ಶಾಫ್ಟನ್ನೇ ಬಿಚ್ಚಿ ಮೂಲೆಗಿಟ್ಟ ಮಾಲೀಕರಿದ್ದಾರೆ, ಇದ್ದೂ ವರ್ಷಗಟ್ಟಲೆ ಲಿವರ್ ಮುಟ್ಟದವರೂ ಇದ್ದಾರೆ. ಮಣ್ಣಿನ ಜಾಗಕ್ಕೆ ಒಯ್ದು ಹೈ (ಮಾಮೂಲಿ ವೇಗದ ಫೋರ್ ವೀಲ್), ಲೋ ಎರಡೂ ಹಾಕಿ ತೆಗೆಯಿರಿ. ನಾಲ್ಕೂ ಟೈರು ಒಂದೇ ಅಳತೆಯವಾ, ಒಂದೇ ಮಟ್ಟಕ್ಕೆ ಸವೆದಿವೆಯಾ ನೋಡಿ. ಎರಡು ಹೊಸದು, ಎರಡು ಬೋಳು ಇದ್ದರೆ ಟ್ರಾನ್ಸ್‌ಫರ್ ಕೇಸಿನ ರಿಪೇರಿ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ.