ದೆವ್ವ, ತಾಯಿ, ರಕ್ತ: ಸ್ಕಿಜೋಫ್ರೇನಿಯಾಗೆ ಯಾರನ್ನ ದೂರೋದು?

ಕೊರೋನಾ ಟೈಮಲ್ಲಿ ನಮ್ಮ ಕುಮಟಾ ಕಡೆ ಸಿಆರ್‌ಪಿ ಅನ್ನೋದು ಎಲ್ರಿಗೂ ಬಾಯಿಪಾಠ, ಮೀನು ಪೇಟೇಲೂ "ನಿಂಗೆಷ್ಟು ಬಂತು" ಅಂತ ಕೇಳ್ತಿದ್ರು. ಲಿವರ್ ತಯಾರಿಸೋ ಒಂದು ಪ್ರೋಟೀನ್ ಅದು, ಮೈಯೊಳಗೆ ಎಲ್ಲಾದ್ರೂ ಉರಿಯೂತ ಇದ್ರೆ ರಕ್ತದಲ್ಲಿ ಏರುತ್ತೆ. ಅದೇ ಸಿಆರ್‌ಪಿಗೂ ಚಿಕ್ಕಂದಿನಲ್ಲಿ ತಿಂದ ಹೊಡೆತಕ್ಕೂ, ಇಲ್ಲದ ದನಿ ಕೇಳಿಸೋ ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗಕ್ಕೂ ನಂಟಿದೆ ಅಂದ್ರೆ ಎತ್ತಣಿಂದೆತ್ತ ಅನ್ಸುತ್ತೆ, ನಂಗೂ ಅನ್ಸಿತ್ತು.

ನಾನು ಹುಟ್ಟಿದ್ದು ಶಿರಸಿ ಸೀಮೆಲಿ. ಪಕ್ಕದ ಮನೆ ಅಣ್ಣಂಗೆ ಕಾಲೇಜಿಗೆ ಹೋಗೋ ವಯಸ್ಸಲ್ಲಿ ಕಿವೀಲಿ ಯಾರೋ ಮಾತಾಡೋಕೆ ಶುರುವಾಯ್ತು, ಅಡಿಕೆ ಸುಲಿಯೋಕೆ ಕೂತವನು ಗೋಡೆಗೆ ಉತ್ತರ ಕೊಡ್ತಿದ್ದ. ನೋಟ ನೋಡ್ಸಿದ್ರು, ತಾಯತ ಕಟ್ಸಿದ್ರು, ಗೋಕರ್ಣಕ್ಕೆ ಹೋಗ್ಬಂದ್ರು, ಕೊನೆಗೆ ದೂರದ ಆಸ್ಪತ್ರೆ. ಮಾತ್ರೆ ಹಿಡೀತು. ಆದ್ರೆ "ಆಯಿನೇ ಸರಿ ಸಾಕ್ಲಿಲ್ಲ" ಅನ್ನೋ ಮಾತು ಊರಲ್ಲಿ ನಿಂತೇಬಿಡ್ತು. ಅವನಪ್ಪನ ಬೆಲ್ಟಿನ ಸದ್ದು ನಮ್ಮನೆ ಜಗಲಿಗೂ ಕೇಳ್ತಿತ್ತು, ಅದ್ರ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ.

ತಾಯಿನ ದೂರೋದು ಬರೀ ನಮ್ಮೂರಿನ ಬುದ್ಧಿ ಅಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲ್ಯೂಲರ್ ಈ ಕಾಯಿಲೆಗೆ ಹೆಸರಿಟ್ಟಾಗ ಡಾಕ್ಟರುಗಳ ಅನುಮಾನ ಇದ್ದಿದ್ದು ದೇಹದ ಮೇಲೇನೇ, ಜರ್ಮನಿಯ ಮನೋವೈದ್ಯ ಕ್ರೆಪೆಲಿನ್ ಅಂತೂ ಮೈಯೊಳಗೆ ಹುಟ್ಟೋ ವಿಷ ಅಂತಿದ್ದ. 1918ರ ಫ್ಲೂ ಆದ್ಮೇಲೆ ಕೆಲವರಿಗೆ ಬುದ್ಧಿಭ್ರಮಣೆ ಆಗಿದ್ದನ್ನ ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ ದಾಖಲಿಸಿದ್ದ. ಆಮೇಲೆ ಗಾಳಿ ತಿರುಗ್ತು. 1948ರಲ್ಲಿ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್, ತಾಯಿಯ ನಡವಳಿಕೆಯೇ ಈ ಕಾಯಿಲೆ ಹುಟ್ಟಿಸುತ್ತೆ ಅನ್ನೋ ಅರ್ಥದ ಮಾತು ಬರೆದ್ರು, ಎಷ್ಟೋ ತಾಯಂದಿರು ದಶಕಗಟ್ಲೆ ಆ ಅಪವಾದ ಹೊತ್ರು. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನೋ ಔಷಧಿ ಬಂತು, ಮುಂದೆ ಡೋಪಮಿನ್ ಅನ್ನೋ ಮಿದುಳಿನ ರಾಸಾಯನಿಕ, ಜೀನ್ ಅಂತ ಮಾತು ಶುರುವಾಯ್ತು, ತಾಯಿ ಬಚಾವ್. ಆದ್ರೆ ಅದ್ರ ಜೊತೆಗೇ ಮನೇಲಿ ಏನಾಯ್ತು ಅಂತ ಕೇಳೋದೂ ನಿಂತೋಯ್ತು.

ಆ ಪ್ರಶ್ನೆ ವಾಪಸ್ ಬಂದಿದ್ದು ಬೇರೆ ಬಾಗಿಲಿಂದ. 1998ರಲ್ಲಿ ಫೆಲಿಟಿ ಮತ್ತು ಅಂಡಾ ಅನ್ನೋ ಡಾಕ್ಟರುಗಳು ಬಾಲ್ಯದ ಹಿಂಸೆ ಹೆಚ್ಚಿದ್ದಷ್ಟೂ ದೊಡ್ಡವರಾದ್ಮೇಲೆ ಹೃದಯದ ಕಾಯಿಲೆಯಂಥವು ಹೆಚ್ಚು ಅಂತ ತೋರಿಸಿದ್ರು. 2007ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿಂದ್ಲೂ ಸಂಶೋಧಕರು ಗಮನಿಸ್ತಾ ಬಂದವರನ್ನ 32ನೇ ವಯಸ್ಸಲ್ಲಿ ಟೆಸ್ಟ್ ಮಾಡಿದ್ರೆ, ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸಿಆರ್‌ಪಿ ಜಾಸ್ತಿ. 2012ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದಾಗ ಬಾಲ್ಯದಲ್ಲಿ ಕಷ್ಟ ಕಂಡವರಲ್ಲಿ ಸೈಕೋಸಿಸ್ (ವಾಸ್ತವದ ಕೊಂಡಿ ಕಳಚೋ ಸ್ಥಿತಿ, ಸ್ಕಿಜೋಫ್ರೇನಿಯಾ ಅದ್ರಲ್ಲೊಂದು) ಸಾಧ್ಯತೆ ಹತ್ರಹತ್ರ 2.8 ಪಟ್ಟು ಅಂತ ಬಂತು. 2014ರಲ್ಲಿ ಬ್ರಿಸ್ಟಲ್ ಕಡೆಯ ಮಕ್ಕಳ ಲೆಕ್ಕ: 9ನೇ ವಯಸ್ಸಲ್ಲಿ ರಕ್ತದಲ್ಲಿ ಐಎಲ್-6 ಅನ್ನೋ ಇನ್ನೊಂದು ಉರಿಯೂತದ ಪ್ರೋಟೀನ್ ಹೆಚ್ಚಿದ್ದವರಿಗೆ 18ರಲ್ಲಿ ಸೈಕೋಸಿಸ್ ಲಕ್ಷಣದ ಅಪಾಯ ಸುಮಾರು ಎರಡರಷ್ಟು.

ಒಳಗೆ ನಡೆಯೋದು ಹೀಗಿರಬಹುದು ಅಂತಾರೆ. ಹೆದರಿದಾಗ ಬರೋ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಉರಿಯೂತನ ತಣ್ಣಗೆ ಮಾಡ್ಬೇಕು, ಆದ್ರೆ ದಿನಾ ಹೆದರೋ ಮಗುವಲ್ಲಿ ಜೀವಕೋಶಗಳು ಅದ್ರ ಮಾತಿಗೆ ಕಿವುಡಾಗ್ತವೆ. ಇತ್ತ ಮಿದುಳಲ್ಲಿ ಮೈಕ್ರೋಗ್ಲಿಯಾ ಅನ್ನೋ ಜೀವಕೋಶಗಳು ಹರೆಯದಲ್ಲಿ ಬೇಡದ ನರಸಂಪರ್ಕಗಳನ್ನ ಸವರ್ತಾ ಇರ್ತವೆ, ನಮ್ಮಲ್ಲಿ ಬೆಟ್ಟದ ಮರಕ್ಕೆ ಸೊಪ್ಪು ಕಡಿಯೋ ಹಾಗೆ. ಹಿತವಾಗಿ ಕಡಿದ್ರೆ ಮರ ಚಿಗುರುತ್ತೆ, ಅತಿಯಾಗಿ ಬೋಳಿಸಿದ್ರೆ ಸೊರಗುತ್ತೆ. ಉರಿಯೂತ ಆ ಕತ್ತಿಯನ್ನ ಇನ್ನೂ ಚುರುಕು ಮಾಡುತ್ತಾ ಅನ್ನೋದು ಅನುಮಾನ, 2016ರಲ್ಲಿ ಸಿ4 ಅನ್ನೋ ರೋಗನಿರೋಧಕ ಜೀನಿಗೂ ಈ ಕಾಯಿಲೆಗೂ ನಂಟು ಸಿಕ್ಕಿದ್ಮೇಲೆ ಅದು ಬಲವಾಯ್ತು.

ಹಂಗಂತ ಸಿಆರ್‌ಪಿ ಮಾಡ್ಸಿ ಸ್ಕಿಜೋಫ್ರೇನಿಯಾ ಹಿಡಿಯೋಕಾಗಲ್ಲ, ತೂಕ ಹೆಚ್ಚಾದ್ರೂ ಬೀಡಿ ಸೇದಿದ್ರೂ ಅದು ಏರುತ್ತೆ. ಉರಿಯೂತ ಇಳಿಸ್ಬಹುದು ಅಂತ ಮಿನೋಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗದಲ್ಲೂ 2018ರಲ್ಲಿ ಉಪಯೋಗ ಕಾಣಲಿಲ್ಲ. ಏಟು ತಿಂದ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಈ ಕಾಯಿಲೆ ಬರೋದೇ ಇಲ್ಲ, ಮುದ್ದಾಗಿ ಬೆಳೆದವ್ರಿಗೂ ಬರುತ್ತೆ. ಆದ್ರಿಂದ ಮತ್ತೆ ಅಪ್ಪ-ಆಯಿನ ಕಟಕಟೆಗೆ ಎಳೆಯೋರ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ನಂಗೆ ಬೇಕಾಗಿದ್ದು ಡಾಕ್ಟ್ರು ಒಂದ್ಸಲ "ಮನೇಲಿ ಏನಾಯ್ತು" ಅಂತ ಕೇಳೋದು ಅಷ್ಟೇ. ಈಗಂತೂ 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡ್ಬಹುದು, ಆಗ ಅದೂ ಇರ್ಲಿಲ್ಲ.

ಹೋದ್ಸಲ ಊರಿಗೆ ಹೋದಾಗ ಅಣ್ಣ ತನ್ನ ಹಳೇ ಫೈಲ್ ತೋರಿಸ್ದ, ಗೆದ್ದಲು ಅಂಚು ತಿಂದಿತ್ತು. ಬಾಲ್ಯ ಅನ್ನೋ ಸಾಲಿನ ಮುಂದೆ ಒಂದೇ ಪದ: ನಾರ್ಮಲ್.