ಬಾತುಕೋಳಿಯ ಪಾದಕ್ಕಾಗಿ ಕಾಯುವ ಹುಳು

ಕೊಳದ ನೀರಿನ ಮೇಲ್ಪದರಕ್ಕೆ ಒಳಗಿನಿಂದ ಅಂಟಿಕೊಂಡು ಒಂದು ಮರಿಹುಳು ನೇತಾಡುತ್ತಿದೆ. ಉದ್ದ ಒಂದು ಮಿಲಿಮೀಟರ್ ಕೂಡ ಇಲ್ಲ. ಬಾಲದ ತುದಿ ಎರಡಾಗಿ ಸೀಳಿದೆ. ಅದು ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ಮೈಯಲ್ಲಿ ತುಂಬಿಕೊಂಡು ಬಂದ ಶಕ್ತಿ ಹೆಚ್ಚೆಂದರೆ ಒಂದೆರಡು ದಿನಕ್ಕೆ ಸಾಕು. ಅಷ್ಟರೊಳಗೆ ಒಂದು ಬಾತುಕೋಳಿಯ ಪಾದ ಸಿಗಬೇಕು.

ಮೇಲೆ ಏನೋ ಹಾದುಹೋಗುತ್ತದೆ. ನೆರಳು ಬಿದ್ದ ಕೂಡಲೇ ಮರಿಹುಳು ಹಿಡಿತ ಬಿಟ್ಟು, ಬೆಳಕಿಗೆ ಬೆನ್ನು ಹಾಕಿ ಕೆಳಕ್ಕೆ ಈಜುತ್ತದೆ. ತೇಲುವ ಹಕ್ಕಿಯ ಪಾದ ಇರುವುದು ಅಲ್ಲೇ ಅಲ್ವಾ? ಪಾದ ತಾಗಿದಾಗ ಚರ್ಮದ ಕೊಬ್ಬಿನಂಶಗಳನ್ನು ಗುರುತಿಸುತ್ತದೆ. ಸೆರಮೈಡ್, ಕೊಲೆಸ್ಟ್ರಾಲ್ ಇದ್ದರೆ ಅಂಟಿಕೊಳ್ಳುತ್ತದೆ. ಕೆಲವು ಕೊಬ್ಬಿನ ಆಮ್ಲಗಳು ಸಿಕ್ಕರೆ ಬಾಲ ಕಳಚಿ ಚರ್ಮದೊಳಗೆ ನುಗ್ಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗೆ ಇಷ್ಟೊಂದು ಲೆಕ್ಕಾಚಾರ! ನನಗಂತೂ ಇದು ಎಷ್ಟು ಸಲ ಓದಿದರೂ ಹೊಸದೇ.

ತೊಂದರೆ ಏನೆಂದರೆ ಇದೇ ಕೊಬ್ಬಿನಂಶಗಳು ನಮ್ಮ ಚರ್ಮದಲ್ಲೂ ಇವೆ. ಕೆರೆ, ಸರೋವರಗಳಲ್ಲಿ ಈಜಿದವರಿಗೆ ಕೆಲವೊಮ್ಮೆ ಕೆಂಪು ಗುಳ್ಳೆ ಎದ್ದು ವಿಪರೀತ ತುರಿಸುವುದು ಇದರಿಂದಲೇ. ಹುಳು ನಮ್ಮೊಳಗೆ ಬೆಳೆಯಲಾರದು, ಚರ್ಮದಲ್ಲೇ ಸಾಯುತ್ತದೆ. ತುರಿಕೆ ನಮ್ಮ ದೇಹ ತೋರಿಸುವ ಅಲರ್ಜಿ. ಹಾಗಾಗಿ ಮೊದಲ ಸಲಕ್ಕಿಂತ ಆಮೇಲಿನ ಸಲಗಳಲ್ಲಿ ಜಾಸ್ತಿ. 1928ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ಡಗ್ಲಸ್ ಸರೋವರದ ದಡದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ವಿಲಿಯಂ ಕೋರ್ಟ್ ಈ ತುರಿಕೆಗೆ ಮರಿಹುಳುಗಳೇ ಕಾರಣ ಎಂದು ತೋರಿಸಿಕೊಟ್ಟರು. ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಅಲ್ಲ ಇದು. ನೀರಿನಿಂದ ಎದ್ದ ತಕ್ಷಣ ಟವೆಲ್‌ನಿಂದ ಮೈ ಒರೆಸಿಕೊಳ್ಳಿ, ತುರಿಸಿದರೂ ಕೆರೆದುಕೊಳ್ಳಬೇಡಿ.

ಸರಿಯಾದ ಪಾದ ಸಿಕ್ಕಿದ ಹುಳುವಿನ ಕಥೆ ಬೇರೆ. ಹಕ್ಕಿಗಳ ಮೈಯೊಳಗೆ ಬೆಳೆಯುವ ಈ ಹುಳುಗಳ ಗುಂಪಿಗೆ ಟ್ರೈಕೋಬಿಲ್ಹಾರ್ಜಿಯಾ ಎಂದು ಹೆಸರು. ಹೆಚ್ಚಿನ ಜಾತಿಗಳು ರಕ್ತದಲ್ಲಿ ಸಾಗಿ ಹಕ್ಕಿಯ ಕರುಳಿನ ಸುತ್ತಲಿನ ರಕ್ತನಾಳ ಸೇರುತ್ತವೆ. ಅಲ್ಲಿ ಇಟ್ಟ ಮೊಟ್ಟೆಗಳು ಕರುಳಿನ ಗೋಡೆ ಸೀಳಿಕೊಂಡು ಹಿಕ್ಕೆಯ ಜೊತೆ ಹೊರಬರುತ್ತವೆ. ಬಹುಪಾಲು ಕಾಡು ಬಾತುಗಳು ಇದನ್ನು ತಾಳಿಕೊಂಡೇ ಬದುಕುತ್ತವೆ. ಹುಳು ವಿಪರೀತವಾದರೆ ಮಾತ್ರ ಕರುಳು ಊದಿ ಹಕ್ಕಿ ಸೊರಗುತ್ತದೆ.

ನೀರಿಗೆ ಬಿದ್ದ ಮೊಟ್ಟೆ ಒಡೆದರೆ ಮೈತುಂಬ ರೋಮವಿರುವ ಇನ್ನೊಂದು ಮರಿ ಹೊರಬರುತ್ತದೆ. ಇದಕ್ಕೆ ಬೇಕಿರುವುದು ಬಸವನ ಹುಳು, ಅದೂ ತನಗೆ ಒಗ್ಗುವ ಜಾತಿಯದೇ. ಒಳಹೊಕ್ಕ ಒಂದೇ ಮರಿಯಿಂದ ಅಲ್ಲಿ ಮೊದಲು ಕಂಡ ಸೀಳುಬಾಲದ ಮರಿಹುಳುಗಳು ಸಾವಿರಾರು ಹುಟ್ಟುತ್ತವೆ. ಆ ಸಾವಿರಾರೂ ಒಂದೇ ಲಿಂಗದವು, ಎಲ್ಲ ಗಂಡು ಇಲ್ಲವೇ ಎಲ್ಲ ಹೆಣ್ಣು! ಹಾಗಾಗಿ ಬಾತುಕೋಳಿಯೊಳಗೆ ಜೋಡಿ ಸಿಗಬೇಕಾದರೆ ಬೇರೆ ಮೊಟ್ಟೆಯಿಂದ ಬಂದ ಹುಳುವೂ ಅದೇ ಹಕ್ಕಿಯನ್ನು ಹೊಕ್ಕಿರಬೇಕು.

ಇವೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1998ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಇದೇ ಗುಂಪಿನ ರೆಜೆಂಟಿ ಎಂಬ ಜಾತಿ. ಅದು ರಕ್ತದ ದಾರಿ ಹಿಡಿಯುವುದೇ ಇಲ್ಲ. ಪಾದದ ನರದೊಳಗೆ ತೂರಿ, ಬೆನ್ನುಹುರಿಯ ಉದ್ದಕ್ಕೂ ಮೇಲೇರಿ, ಮೆದುಳು ದಾಟಿ ಮೂಗು ಸೇರುತ್ತದೆ. ಪ್ರಯೋಗಗಳಲ್ಲಿ ಜಾಸ್ತಿ ಹುಳು ಹೊಕ್ಕ ಬಾತುಗಳ ಕಾಲು ಸ್ವಾಧೀನ ತಪ್ಪಿದ್ದೂ ಇದೆ. ಇಷ್ಟು ದೂರದ ಪ್ರಯಾಣ ಮೂಗಿಗೇ ಯಾಕೆ? ಅಲ್ಲಿ ಮೂಗಿನ ಒಳಪೊರೆಯಲ್ಲಿ ಮೊಟ್ಟೆಗಳು ಬಲಿತು ಒಡೆಯುತ್ತವೆ. ಬಾತುಕೋಳಿ ಮೇವು ಹುಡುಕುತ್ತಾ ನೀರಿಗೆ ಕೊಕ್ಕು ಅದ್ದುತ್ತದೆ. ಅಷ್ಟೇ ಸಾಕು, ಮರಿಗಳು ನೀರಿಗೆ ಜಾರಿಕೊಂಡು ಬಸವನ ಹುಳುವನ್ನು ಅರಸುತ್ತಾ ಹೊರಡುತ್ತವೆ.