ಎಲ್ಲ ಕೂಲಿಂಗ್ ಬಟ್ಟೆಯೂ ಸ್ಮಾರ್ಟ್ ಅಲ್ಲ

ಬೇಸಿಗೆ ಬಂತು ಅಂದ್ರೆ ಮುಂಬೈನ ದಾದರ್ ಫುಟ್‌ಪಾತ್‌ನಲ್ಲಿ ನೇತುಹಾಕಿದ ಪಾಲಿಯೆಸ್ಟರ್ ಟಿ-ಶರ್ಟ್‌ಗಳೆಲ್ಲ ‘ಸ್ಮಾರ್ಟ್’ ಆಗಿಬಿಡುತ್ತವೆ. ಮಾರುವವರು ಹೇಳಿದರೆ ವ್ಯಾಪಾರ ಅಂದುಕೊಳ್ಳಬಹುದು. ಮಾಟುಂಗಾದ ನಮ್ಮವರೂ ವಾಟ್ಸಾಪ್‌ನಲ್ಲಿ ‘ಸೆಕೆಗೆ ತಾನೇ ಹೊಂದಿಕೊಳ್ಳುವ ಬಟ್ಟೆ’ ಅಂತ ಇವನ್ನೇ ಹಂಚುತ್ತಿದ್ದಾರೆ. ಅದು ತಪ್ಪು.

ಹೊಂದಿಕೊಳ್ಳುವುದು ಅಂದರೆ ಬಟ್ಟೆಯೇ ಬದಲಾಗಬೇಕು. ಬಿಸಿಯಲ್ಲಿ ಒಂದು ಥರ, ತಣ್ಣಗಾದಾಗ ಇನ್ನೊಂದು ಥರ, ಮತ್ತೆ ಬಿಸಿಯಾದರೆ ಮೊದಲಿನಂತೆ. ಸುಮ್ನೆ ತಂಪು ಅನಿಸಿದರೆ ಸಾಲದು. ತೆಳು ಹತ್ತಿ ಪಂಚೆಯೂ ತಂಪೇ ಅಲ್ವಾ?

ಜಾಸ್ತಿ ಗೊಂದಲ ಹುಟ್ಟಿಸುವುದು ಡ್ರೈಫಿಟ್ ಅನ್ನೋ ಪಾಲಿಯೆಸ್ಟರ್ ಬಟ್ಟೆ. ಅದು ಬೆವರನ್ನು ಮೈಯಿಂದ ಎಳೆದು ಹೊರಗಡೆ ಹರಡುತ್ತದೆ. ಅಲ್ಲಿ ಬೆವರು ಆರುವಾಗ ಶಾಖ ಹೋಗುತ್ತದೆ, ಒಂದು ಗ್ರಾಂ ಆರಿದರೆ ಸುಮಾರು 2,400 ಜೂಲ್. ಏಪ್ರಿಲ್‌ನ ಪುಣೆಯಲ್ಲಿ, ಆ ಒಣ ಗಾಳಿಯಲ್ಲಿ, ಇದನ್ನು ತೊಟ್ಟು ಗುಡ್ಡ ಹತ್ತಿದವರು ‘ಎಸಿ ಹಾಕಿಕೊಂಡಂಗಿತ್ತು’ ಅಂತಾರೆ. ನಿಜವೇ. ಅದೇ ಟಿ-ಶರ್ಟ್ ತೊಟ್ಟು ಮೇ ತಿಂಗಳಲ್ಲಿ ಮುಂಬೈನ ಕುರ್ಲಾದಿಂದ ಲೋಕಲ್ ರೈಲು ಹತ್ತಿ ನೋಡಿ. ಗಾಳಿಯಲ್ಲೇ ನೀರಿನಂಶ ತುಂಬಿರುವಾಗ ಬೆವರು ಆರುವುದಾದರೂ ಹೇಗೆ, ಸಯಾನ್ ಸ್ಟೇಷನ್ ಬರೋ ಹೊತ್ತಿಗೆ ಬಟ್ಟೆ ಬೆನ್ನಿಗೆ ಅಂಟಿ, ಬ್ಯಾಗಿನ ಪಟ್ಟಿ ಕೂತ ಜಾಗದಲ್ಲಿ ಬೆವರು ನಿಂತಿರುತ್ತದೆ. ಎರಡೂ ಊರಲ್ಲಿ ಬಟ್ಟೆ ಮಾಡಿದ್ದು ಒಂದೇ ಕೆಲಸ. ಬೇರೆಯಾಗಿದ್ದದ್ದು ಗಾಳಿ.

2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸೂಕ್ಷ್ಮ ರಂಧ್ರಗಳಿರುವ ಪಾಲಿಥಿನ್ ಬಟ್ಟೆಯೊಂದನ್ನು ತೋರಿಸಿದರು. ಮೈಯಿಂದ ಕಣ್ಣಿಗೆ ಕಾಣದ ಕಿರಣವಾಗಿ ಹೊರಡುವ ಶಾಖ, ಅಂದರೆ ಇನ್‌ಫ್ರಾರೆಡ್, ಅದರೊಳಗಿಂದ ನೇರ ಹೊರಗೆ ಹೋಗುತ್ತದೆ. ಒಳ್ಳೇ ಕೆಲಸ, ಆದರೆ ಚಳಿಯಲ್ಲೂ ಅದು ಹಾಗೇ ಶಾಖ ಬಿಡುತ್ತದೆ. ಮರುವರ್ಷ ಬಂದದ್ದು ಒಂದು ಮಗ್ಗುಲಲ್ಲಿ ತಂಪು, ಇನ್ನೊಂದರಲ್ಲಿ ಬೆಚ್ಚಗೆ. ಅದನ್ನೂ ನಾವೇ ತಿರುವಿ ಹಾಕಿಕೊಳ್ಳಬೇಕು.

ನಿಜವಾಗಿ ಹೊಂದಿಕೊಳ್ಳುವುದು 2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಮಾಡಿದ ಬಟ್ಟೆ. ಅದರ ಒಂದೊಂದು ಎಳೆಯಲ್ಲೂ ಎರಡು ವಸ್ತು: ಒಂದು ನೀರು ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಮೇಲೆ ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳ ಲೇಪ. ಮೈ ಬೆವರತೊಡಗಿದರೆ ಎಳೆಗಳು ಹತ್ತಿರ ಸರಿದು ನೂಲು ಬಿಗಿಯಾಗುತ್ತದೆ, ನೂಲುಗಳ ನಡುವೆ ಸಂದು ಬಿಟ್ಟು ಇನ್‌ಫ್ರಾರೆಡ್ ಹೊರಹೋಗಲು ದಾರಿಯಾಗುತ್ತದೆ. ಒಣಗಿದರೆ ದಾರಿ ಮುಚ್ಚುತ್ತದೆ. ಹೀಗೆ ಹೊರಹೋಗುವ ಇನ್‌ಫ್ರಾರೆಡ್‌ನಲ್ಲಿ ಶೇ 35ಕ್ಕಿಂತ ಜಾಸ್ತಿ ವ್ಯತ್ಯಾಸ. ಬ್ಯಾಟರಿ ಇಲ್ಲ, ಗುಂಡಿ ಒತ್ತುವುದಿಲ್ಲ.

ಫೇಸ್ ಚೇಂಜ್ ಬಟ್ಟೆಯೂ ಈ ಸಾಲಿನದೇ. 1980ರ ದಶಕದಲ್ಲಿ ನಾಸಾದ ನೆರವಿನ ಸಂಶೋಧನೆಯಿಂದ ಬೆಳೆದದ್ದು. ಬಟ್ಟೆಯೊಳಗೆ ಮೇಣದಂಥ ವಸ್ತುವಿನ ಸಣ್ಣ ಸಣ್ಣ ಗುಳಿಗೆಗಳಿರುತ್ತವೆ. ಮೇಣ ಕರಗುವಾಗ ಶಾಖ ಹೀರುತ್ತದೆ, ಗಟ್ಟಿಯಾಗುವಾಗ ವಾಪಸ್ ಕೊಡುತ್ತದೆ. ಆದರೆ ಪೂರ್ತಿ ಕರಗಿದ ಮೇಲೆ ಅದರ ಕೆಲಸ ಮುಗಿಯಿತು. ಆಕ್ಟಾಡೆಕೇನ್ ಅನ್ನೋ ಮೇಣ ಕರಗುವುದು ಸುಮಾರು 28 ಡಿಗ್ರಿಗೆ. ಎಸಿ ಲೋಕಲ್‌ನಿಂದ ಪ್ಲಾಟ್‌ಫಾರ್ಮಿಗೆ ಇಳಿದಾಗ ಸ್ವಲ್ಪ ಹೊತ್ತು ಪ್ರಯೋಜನವಿದೆ. ಮೇ ತಿಂಗಳ ಮುಂಬೈ ಮನೆಯಲ್ಲಾದರೆ ಕಪಾಟಿನಲ್ಲಿದ್ದಾಗಲೇ ಕರಗಿರುತ್ತದೆ. ಕೊಳ್ಳುವ ಮುಂಚೆ ಎಷ್ಟು ಡಿಗ್ರಿಗೆ ಕರಗುತ್ತೆ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ, ಲೇಬಲ್‌ನಲ್ಲೂ ಇಲ್ಲದಿದ್ದರೆ, ಹತ್ತಿ ಅಂಗಿಯನ್ನೇ ತಗೊಳ್ಳಿ.